ಟೈಪಿಂಗ್ ಅಕ್ಕೋರ ಇಂಟರ್‌ವ್ಯೂ

ಹೋದ ತಿಂಗಳು ಸಿಂಧನೂರಿನ ತಮ್ಮನ ಮನೆಗೆ ಹೋದಾಗ ಒಂದು ಅಫಿಡವಿಟ್ ಮಾಡಿಸಬೇಕಾಗಿ ಬಂತು. ಕೋರ್ಟಿನ ಆವರಣದಲ್ಲಿ ಬೇವಿನ ಮರದ ಕೆಳಗೆ ಒಬ್ಬರು ಇನ್ನೂ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದರು. ನಾನು ಹೋದಾಗ ಹೊಸ ರಿಬ್ಬನ್ ಹಾಕುತ್ತಿದ್ದರು. ಮಸಿಯ ವಾಸನೆ, ಮಶಿನ್ನಿಗೆ ಬಿಟ್ಟ ಎಣ್ಣೆಯ ವಾಸನೆ, ಬಿಸಿಲಿಗೆ ಕಾದ ಕಬ್ಬಿಣದ ವಾಸನೆ... "ಏನ್ ಬರೀಬೇಕ್ರಿ ಮೇಡಮ್?" ಎಂದು ಅವರು ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಆಮೇಲೆ ಬರ್ತೀನಿ ಎಂದು ಹೇಳಿ ಹೊರಗೆ ಬಂದು, ಬಂಗಾಳಿ ನಿರಾಶ್ರಿತರಿರುವ ಆರ್.ಎಚ್. ಕ್ಯಾಂಪಿಗೆ ಹೋಗುವ ಆಟೋ ಹತ್ತಿದೆ. ಆ ದಾರಿಯುದ್ದಕ್ಕೂ ನೆನಪಿಗೆ ಬಂದದ್ದೆಲ್ಲ ನಮ್ಮ ಟೈಪಿಂಗ್ ಅಕ್ಕೋರು.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ, ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಎಲ್ಲರಿಗೂ ಅಕ್ಕೋರು. ಇನ್‌ಸ್ಟಿಟ್ಯೂಟ್ ಶುರು ಮಾಡಿದ್ದು ಅವರ ಗಂಡ. ಅವರು ಎದೆನೋವಿನಿಂದ ತೀರಿಕೊಂಡಾಗ, ಮಕ್ಕಳಿಲ್ಲದ ಈ ಹೆಂಗಸು ತವರಿಗೆ ಹೋಗುತ್ತಾಳೆ ಎಂದು ಊರು ಅಂದುಕೊಂಡಿತ್ತಂತೆ. ಅಕ್ಕೋರು ಮಾತ್ರ ದಿನಕರ್ಮ ಮುಗಿಸಿದ ಮರುದಿನವೇ ಬೀಗ ತೆಗೆದು ಕುರ್ಚಿಯಲ್ಲಿ ಕೂತರು. ಹೈದರಾಬಾದಿನ ಸೋದರಮಾವನ ಮನೆಯಲ್ಲಿ ಬೆಳೆದವರು, ಕಾನ್ವೆಂಟಿನಲ್ಲಿ ಓದಿದವರು, ಇಂಗ್ಲಿಷ್ ನೀರು ಕುಡಿದಂತೆ ಮಾತಾಡುತ್ತಾರೆ ಎನ್ನುವುದಷ್ಟೇ ಎಲ್ಲರಿಗೂ ಗೊತ್ತಿತ್ತು. ಕನ್ನಡಕಕ್ಕೆ ಕರಿ ದಾರ, ಬೆರಳುಗಳಿಗೆ ಸದಾ ಮಸಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂಡುವ ಹುಡುಗ ಹುಡುಗಿಯರು ಬ್ಯಾಚಿನ ಮೇಲೆ ಬ್ಯಾಚು ಬಂದು ಕುಟ್ಟಿ ಹೋಗುತ್ತಿದ್ದರು. ಕೆಳಗಿನ ಬಟ್ಟೆ ಅಂಗಡಿಯವರು ಗಿರಾಕಿಗಳ ಜೊತೆ ಕೂಗಿಯೇ ಮಾತಾಡಬೇಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ರಾಯಚೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್. ಹತ್ತನೆಯವರೆಗೆ ಮಸ್ಕಿಯಲ್ಲಿ ಕನ್ನಡ ಮೀಡಿಯಂ. ಆಮೇಲೆ ಅಪ್ಪನಿಗೆ ಲಿಂಗಸುಗೂರಿಗೆ ವರ್ಗವಾಗಿ ನಾವು ಅಲ್ಲಿಗೆ ಬಂದಿದ್ದೆವು. ಅಪ್ಪ ರಾಯಚೂರು ದಾರಿಯ ಬಸ್ಸಿನ ಕಂಡಕ್ಟರ್. ಟಿಕೆಟ್ ಹರಿಯುತ್ತಲೇ "ನಮ್ಮ ಹುಡುಗಿನ್ನ ಕಂಪನ್ಯಾರು ಕಾಲೇಜಿಗೇ ಬಂದು ಕರ್ಕೊಂಡು ಹೋಗ್ತಾರ" ಎಂದು ಅರ್ಧ ತಾಲೂಕಿಗೆ ಹೇಳಿಬಿಟ್ಟಿದ್ದ.

ಕಂಪನಿ ಬಂತು. ಬರೆಯುವ ಪರೀಕ್ಷೆಯಲ್ಲಿ ಪಾಸಾದೆ. ಇಂಟರ್‌ವ್ಯೂ ಕೋಣೆಯಲ್ಲಿ ಕೂರಿಸಿ, ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೆಸರು ಹೇಳಿದೆ. ಆಮೇಲೆ ಒಂದು ಶಬ್ದವೂ ಹೊರಡಲಿಲ್ಲ. ಸರ್ಕ್ಯೂಟ್ ಕೇಳಿದ್ದರೆ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಯಾವ ಊರು ಎಂದು ಕೇಳಿದರು, ಮಸ್ಕಿ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಅವರಲ್ಲೊಬ್ಬರು ನೀರಿನ ಗ್ಲಾಸು ಮುಂದೆ ಸರಿಸಿದರು. ಕುಡಿದು ಎದ್ದು ಬಂದೆ.

ಸೆಮಿಸ್ಟರ್ ರಜೆಗೆ ಮನೆಗೆ ಬಂದವಳು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಬಸ್ಸಿನಲ್ಲಿ ಜನ ಕೇಳಿದರೆ ಅಪ್ಪ ಏನು ಹೇಳುತ್ತಿದ್ದನೋ... ಮನೆಯಲ್ಲಿ ಕೂತು ಕೂತು ಹುಚ್ಚು ಹಿಡಿದೀತು ಎಂದು ಅವ್ವ ನನ್ನನ್ನು ಟೈಪಿಂಗ್ ಕಲಿಯಲು ಕಳಿಸಿದಳು.

ನಾಲ್ಕೈದು ದಿನ ಸುಮ್ಮನೆ ಕುಟ್ಟಿದೆ. ಒಂದು ಸಂಜೆ ಅಕ್ಕೋರು ನನ್ನ ಹಾಳೆ ಎತ್ತಿ ನೋಡಿದರು.

"ಇಂಜಿನಿಯರ್ ಓದಾಕಿ ಇಲ್ಲಿಗ್ಯಾಕ ಬಂದೀ? ಖರೇ ಹೇಳು."

ಹೇಳಿದೆ. ಹೇಳುವಾಗ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ.

"ನಿನಗ ಇಂಗ್ಲಿಷ್ ಬರಂಗಿಲ್ಲ ಅಂತಲ್ಲ. ಮಂದಿ ಕಿವಿಗೆ ಬೀಳ್ತೈತಿ ಅಂತ ಅಂಜಿಕಿ. ಇಲ್ಲಿ ಯಾರ ಕಿವಿಗೂ ಏನೂ ಬೀಳಂಗಿಲ್ಲ, ಮಾತಾಡು."

ತಮ್ಮ ಮೇಜಿನ ಪಕ್ಕ ಒಂದು ಸ್ಟೂಲ್ ಹಾಕಿಸಿದರು. ಸುತ್ತಲೂ ಮಶಿನ್ನುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನ ನಡುವೆ ನನಗೆ ತೋಚಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಅವ್ವ ಏನು ಅಡುಗೆ ಮಾಡಿದಳು, ಹಾಸ್ಟೆಲಿನ ನೀರು, ಮಸ್ಕಿಯ ಗುಡ್ಡ, ಏನಾದರೂ. ಅಕ್ಕೋರಿಗೂ ಕೇಳಿಸುತ್ತಿರಲಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ತಿಳಿಯದಿದ್ದರೆ ಕೈಯೆತ್ತಿ "ಜೋರ್ಸೆ!" ಎನ್ನುತ್ತಿದ್ದರು. ತಪ್ಪಿದಲ್ಲಿ ಒಂದು ಚೀಟಿಯ ಮೇಲೆ ಸರಿ ವಾಕ್ಯ ಟೈಪ್ ಮಾಡಿ ಕೈಗೆ ಕೊಡುತ್ತಿದ್ದರು. ರಜೆ ಮುಗಿಯುವ ಹೊತ್ತಿಗೆ ನಾನು ಒಂದು ಗಂಟೆ ನಿಲ್ಲಿಸದೆ ಮಾತಾಡುತ್ತಿದ್ದೆ. ಇದಕ್ಕೆಂದು ಅವರು ಬೇರೆ ಫೀಸು ತೆಗೆದುಕೊಳ್ಳಲಿಲ್ಲ, ಆ ಮಾತೇ ಬರಲಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ಪುಣೆಯಿಂದ ಇನ್ನೊಂದು ಕಂಪನಿ ಬಂತು, ಮೀಟರ್ ತಯಾರಿಸುವವರು. ನಮ್ಮ ಬ್ರ್ಯಾಂಚಿಗೆ ಆ ವರ್ಷ ಅದೇ ಕೊನೆಯದು. ಅದು ತಪ್ಪಿದರೆ ಅರ್ಜಿ ಹಿಡಿದು ಊರೂರು ತಿರುಗಬೇಕು, ರಾಯಚೂರಿನಿಂದ ಬಂದ ಅರ್ಜಿಯನ್ನು ಯಾರೂ ಬಿಚ್ಚಿಯೂ ನೋಡುವುದಿಲ್ಲ ಎಂದು ಸೀನಿಯರ್‌ಗಳು ಹೇಳಿದ್ದರು. ಕೋಣೆಗೆ ಹೋದೆ. ಅದೇ ಪ್ರಶ್ನೆ. ಉಸಿರು ಎಳೆದುಕೊಂಡು ಶುರು ಮಾಡಿದೆ. ಮೂವರೂ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಬಾಗಿಲ ಬಳಿಯ ಜವಾನ ಒಳಗೆ ಇಣುಕಿ ನೋಡಿದ. ನಾನು ಚೀರುತ್ತಿದ್ದೆ! ಇಂಗ್ಲಿಷ್ ಮಾತಾಡುವುದೆಂದರೆ ಅಷ್ಟು ಜೋರಾಗಿಯೇ ಮಾತಾಡುವುದು ಎಂದು ನನ್ನ ಗಂಟಲು ಕಲಿತುಬಿಟ್ಟಿತ್ತು.

ಹಿರಿಯರೊಬ್ಬರು ಕೈ ಅಡ್ಡ ಹಿಡಿದು, ಯಾಕೆ ಹೀಗೆ ಕೂಗುತ್ತೀಯಮ್ಮ ಎಂದು ಕೇಳಿದರು. ಬೇರೆ ಉಪಾಯ ಕಾಣದೆ, ಹೋದ ಸಲ ಇಂಥದೇ ಕೋಣೆಯಲ್ಲಿ ಬಾಯಿ ಬಿಡಲಾಗಲಿಲ್ಲ, ಅದಕ್ಕೆ ಲಿಂಗಸುಗೂರಿನಲ್ಲಿ ಟೈಪಿಂಗ್ ಕ್ಲಾಸಿನ ನಡುವೆ ಕೂತು ಕಲಿತೆ ಎಂದು ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲೇ ಹೇಳಿದೆ. ಅವರು ನಕ್ಕರು. ಕಲಿಸಿದವರು ಯಾರು, ತುಟಿ ನೋಡಿ ಹೇಗೆ ತಿದ್ದುತ್ತಾರೆ ಎಂದು ಒಂದೊಂದೇ ಕೇಳಿದರು. ಅಕ್ಕೋರ ಬಗ್ಗೆ ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿ ಕೆಳಗಿಳಿಯಿತು. ಸಂಜೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು.

ಊರಿಗೆ ಬಂದು ಹೇಳಿದಾಗ ಅಕ್ಕೋರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಚೀರಿದೇನ? ಛಲೋ ಆತು ಬಿಡು. ಪುಣೆದಾಗ ಟ್ರಾಫಿಕ್ ಭಾಳ ಅಂತ, ಉಪಯೋಗಕ್ಕ ಬರ್ತೈತಿ."

ಕಂಪನಿಯಿಂದ ಆರ್ಡರ್ ಬರುವುದು ತಡವಾಯಿತು. ಪರೀಕ್ಷೆ ಮುಗಿಸಿ ನಾನು ಮನೆಯಲ್ಲೇ ಇದ್ದೆ, ಸಂಜೆಗಳು ಇನ್‌ಸ್ಟಿಟ್ಯೂಟಿನಲ್ಲಿ ಕಳೆಯುತ್ತಿದ್ದವು. ಅಲ್ಲಿ ಬ್ಯಾಚುಗಳು ತೆಳುವಾಗಿದ್ದವು. ಟೈಪಿಂಗ್ ಬೇಡ, ಕಂಪ್ಯೂಟರ್ ಬೇಕು ಎಂದು ಹುಡುಗರು ಸಿಂಧನೂರಿಗೆ ಓಡುತ್ತಿದ್ದರು. ಕೆಲವು ಮಶಿನ್ನುಗಳಿಗೆ ಬಟ್ಟೆ ಮುಚ್ಚಿದ್ದು ತೆಗೆಯುತ್ತಲೇ ಇರಲಿಲ್ಲ. ಒಂದು ದಿನ ಅಕ್ಕೋರು ಪತ್ರಿಕೆಯೊಂದಿಗೆ ಬಂದ ಕರಪತ್ರ ತೋರಿಸಿದರು. ಸಿಂಧನೂರಿನ ಹೊಸ ಕಂಪ್ಯೂಟರ್ ಸೆಂಟರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ಮಹಿಳೆ ಬೇಕಾಗಿದ್ದರು.

"ನಾ ಜಿಂದಗಿನಾಗ ಇಂಟರ್‌ವ್ಯೂ ಕೊಟ್ಟಾಕಿ ಅಲ್ಲ" ಎಂದರು. "ನೀ ಕೊಟ್ಟು ಬಂದೀ. ನನ್ನ ತಯಾರ್ ಮಾಡು."

ತಮಾಷೆ ಎಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಮಧ್ಯಾಹ್ನ ಬ್ಯಾಚ್ ಇಲ್ಲದಾಗ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಮೆಟ್ಟಿಲಿಗೆ ಹೋಗಿ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದರು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದರು. ವ್ಯಾಕರಣ ಕೇಳಿದರೆ, ಪಾಠದ ಕ್ರಮ ಕೇಳಿದರೆ ಥಟ್ಟನೆ ಉತ್ತರ. ನಿಮ್ಮ ಬಗ್ಗೆ ಹೇಳಿ ಎಂದರೆ ಮಾತ್ರ "ಮೈ ಹಸ್ಬೆಂಡ್..." ಎಂದು ಶುರು ಮಾಡುತ್ತಿದ್ದರು. ದಿನಾಲೂ ಅದೇ. ಒಂದು ದಿನ ನಾನು ತಡೆದೆ.

"ಅವ್ರ ಬಗ್ಗೆ ಅಲ್ರಿ ಅಕ್ಕೋರ. ನಿಮ್ಮ ಬಗ್ಗೆ ಹೇಳ್ರಿ."

"ಅವ್ರನ್ನ ಬಿಟ್ಟು ನನ್ನದೇನೈತಿ ಹೇಳಾಕ?" ಎಂದು ಸಿಡುಕಿ ಎದ್ದು ಹೋದರು. ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಕೆಳಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ತಿರುಗಿ ಬಂದವರು ಮತ್ತೆ ಮೆಟ್ಟಿಲಿಗೆ ಹೋಗಿ ಬಾಗಿಲು ತಟ್ಟಿದರು. ಆ ದಿನವೂ ಅವರಿಂದ ಆಗಲಿಲ್ಲ.

ಸಿಂಧನೂರಿಗೆ ನಾನೂ ಜೊತೆಗೆ ಹೋದೆ. ಅಕ್ಕೋರು ತಿಳಿನೀಲಿ ಸೀರೆ ಉಟ್ಟಿದ್ದರು, ಬೆರಳ ಮಸಿಯನ್ನು ನಿಂಬೆಹಣ್ಣಿನಿಂದ ತಿಕ್ಕಿ ತೆಗೆದಿದ್ದರು. ಕಂಪ್ಯೂಟರ್ ಸೆಂಟರಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ತಣ್ಣಗಿತ್ತು. ಮಾಲೀಕ ಅವರ ಶಿಷ್ಯರಿಗಿಂತ ದೊಡ್ಡವನೇನಲ್ಲ. ನಾನು ಹೊರಗಿನ ಬೆಂಚಿನಲ್ಲಿ ಕೂತು ಸರಿಯಾಗಿ ಒರಗುವುದರೊಳಗೆ ಅಕ್ಕೋರು ಹೊರಗೆ ಬಂದರು.

"ಡಿಗ್ರಿ ಆಗೇತೇನ್ರಿ ಅಂದ. ಇಲ್ಲಪಾ, ಇಂಟರ್‌ಮೀಡಿಯೆಟ್ ತನಕ ಅಂದೆ. ತಿಳಸ್ತೀವ್ರಿ ಅಮ್ಮಾ ಅಂದ."

"ಮತ್ತೇನೂ ಕೇಳ್ಲಿಲ್ರಿ?"

"ಏನೂ ಇಲ್ಲ."

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿ ಕಡೆ ಕೂತರು. ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿ ನಿಂತಿತ್ತು. ಬಸ್ಸು ಕಾಲುವೆ ದಾಟಿತು. ಆಮೇಲೆ ನನ್ನ ಕಡೆ ತಿರುಗಿ, "ಅವ ಕೇಳಬೇಕಾಗಿದ್ದು ನೀ ಕೇಳು" ಎಂದರು. ಬಸ್ಸಿನಲ್ಲಿ ಬೇಡ ಎಂದೆ. "ಕೇಳು" ಎಂದರು ಮತ್ತೆ. ಕೇಳಿದೆ.

ಇಂಜಿನ್ನಿನ ಸದ್ದಿನ ಮೇಲೆ ದನಿ ಎತ್ತಿ ಅಕ್ಕೋರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಚಿಕ್ಕವಳಿದ್ದಾಗ ರೇಡಿಯೋದಲ್ಲಿ ವಾರ್ತೆ ಓದಬೇಕೆಂದು ಆಸೆ ಇತ್ತು ಎಂದರು. ಸೋದರಮಾವನ ಮನೆಯ ಮಾಳಿಗೆಯ ಮೇಲೆ ನಿಂತು ದಿನಾ ಪೇಪರನ್ನು ದೊಡ್ಡದಾಗಿ ಓದುತ್ತಿದ್ದರಂತೆ, ಪಕ್ಕದ ಮನೆಯವರು ಬೈಯುತ್ತಿದ್ದರಂತೆ. ತಪ್ಪು ಮಾಡಿ ಮುಚ್ಚಿಡದ ಹುಡುಗರು ನನಗೆ ಇಷ್ಟ ಎಂದರು. ಸುತ್ತಲಿನ ಕಚೇರಿಗಳಲ್ಲಿ ಟೈಪ್ ಮಾಡುವವರಲ್ಲಿ ಬಹಳ ಜನ ನನ್ನ ಕೈಯಲ್ಲಿ ಕಲಿತವರು ಎಂದರು. ಗಂಡನ ಮಾತು ಬಂತು, ಆದರೆ ಕೊನೆಯಲ್ಲಿ ಬಂತು. ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಕಂಡಕ್ಟರ್ ಟಿಕೆಟ್ ಕೇಳುವುದನ್ನು ಬಿಟ್ಟು ಕಂಬಕ್ಕೆ ಒರಗಿ ನಿಂತಿದ್ದ. ಮಸ್ಕಿ ಬಂತು, ಬಸ್ಸು ನಿಂತಿತು. ಅಕ್ಕೋರು ಸೆರಗಿನಿಂದ ಕನ್ನಡಕ ಒರೆಸಿಕೊಂಡು "ಆತು" ಎಂದರು.

ನಾನು ಪುಣೆಗೆ ಹೋದೆ. ಎರಡನೆಯ ವರ್ಷ ಫೋನಿನಲ್ಲಿ ಅವ್ವ, "ನಿಮ್ಮ ಅಕ್ಕೋರು ಇನ್‌ಸ್ಟಿಟ್ಯೂಟ್ ಮುಚ್ಚಿ ಆರ್.ಎಚ್. ಕ್ಯಾಂಪಿಗೆ ಹೋಗ್ಯಾರ" ಎಂದಳು. ಕ್ಯಾಂಪಿನಿಂದ ಬಂದು ಟೈಪಿಂಗ್ ಕಲಿತಿದ್ದ ಬಂಗಾಳಿ ಹೆಣ್ಣುಮಗಳೊಬ್ಬಳು ಅಲ್ಲಿ ಸಣ್ಣದೊಂದು ಇಂಗ್ಲಿಷ್ ಶಾಲೆ ತೆರೆದು, ಇವರನ್ನು ಕರೆಸಿಕೊಂಡಿದ್ದಳು. ರಜೆಗೆ ಬಂದಾಗ ನೋಡಲು ಹೋದೆ. ತಗಡಿನ ಎರಡು ಕೋಣೆ, ಹಿಂದೆ ಗದ್ದೆ. ಮಕ್ಕಳು ಅವರನ್ನು "ದಿದಿಮೊನಿ" ಎಂದು ಕರೆಯುತ್ತಿದ್ದರು, ಬಂಗಾಳಿಯಲ್ಲಿ ಅದೂ ಅಕ್ಕೋರು ಎಂದೇ.

"ರೊಟ್ಟಿ ಬಿಟ್ಟು ಎರಡೂ ಹೊತ್ತು ಅನ್ನ ಉಣ್ಣಾಕತ್ತೀನಿ" ಎಂದು ನಕ್ಕರು. ಆಮೇಲೆ ನಿಜವಾದ ಬೇಸರದಿಂದಲೇ ಹೇಳಿದರು: "ಇಲ್ಲಿ ಇಂಟರ್‌ವ್ಯೂನ ಮಾಡ್ಲಿಲ್ಲ ನೋಡು. ನಾಳಿಂದ ಬರ್ರಿ ಅಂದ್ರು, ಅಷ್ಟ. ಇಷ್ಟ್ ತಯಾರಿ ಮಾಡಿದ್ದೆಲ್ಲಾ ಫುಕಟ್ ಹೋತು."

ಆಮೇಲೆ ಎರಡು ಮೂರು ಸಲ ಭೇಟಿಯಾಗಿರಬಹುದು. ನನ್ನ ಮದುವೆ, ಮಕ್ಕಳು, ಅಪ್ಪ ಹೋದದ್ದು... ಊರಿಗೆ ಬರುವುದೇ ಕಡಿಮೆಯಾಯಿತು.

ಹೋದ ತಿಂಗಳು ಆ ಆಟೋ ಇಳಿದಾಗ ಶಾಲೆಯ ಗುರುತು ಹತ್ತಲಿಲ್ಲ, ಎರಡಂತಸ್ತಿನ ಕಟ್ಟಡವಾಗಿದೆ. ಶಾಲೆ ತೆರೆದಿದ್ದ ಅದೇ ಬಂಗಾಳಿ ಹೆಣ್ಣುಮಗಳು ಈಗ ತಲೆ ನರೆತು ಆಫೀಸಿನಲ್ಲಿ ಕೂತಿದ್ದಾಳೆ. ಗುರುತು ಹೇಳಿಕೊಂಡೆ. ಆಕೆ ಎದ್ದು ನಿಂತಳು. ಅಕ್ಕೋರು ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡರಂತೆ. ಜ್ವರ ಬಂದು ವಾರವೂ ಆಗಿರಲಿಲ್ಲವಂತೆ. ಕ್ಯಾಂಪಿನವರೇ ಹೊತ್ತರು, ತಮ್ಮ ಪದ್ಧತಿಯಂತೆ ಎಲ್ಲ ಮಾಡಿದರು. ನಮ್ಮ ಕಡೆಯವರಿಗೆ ಹೇಳೋಣವೆಂದರೆ ಅವರ ಹತ್ತಿರ ಯಾರ ವಿಳಾಸವೂ ಇರಲಿಲ್ಲ.

ಗೋಡೆಗೆ ಒರಗಿಸಿ ಅವರ ದೊಡ್ಡ ಫೋಟೋ ಇಟ್ಟಿದ್ದರು. ಕೆಳಗೆ ಹೆಸರು ಬರೆಸಿದ್ದರು, ಅದರ ಕೆಳಗೆ ಜಾಗ ಖಾಲಿ ಇತ್ತು.

"ದಿದಿಮೊನಿದು ಹುಟ್ಟಿದ ಊರು ಯಾವ್ದು ರೀ? ಬರೆಸ್ಬೇಕು ಅಂತ ಇಟ್ಟೀವಿ. ನಾವು ಕೇಳಿದ್ರೆ ನಗ್ತಿದ್ರು, ಹೇಳ್ತಿರಲಿಲ್ಲ."

ನನಗೂ ಗೊತ್ತಿರಲಿಲ್ಲ. ಆ ದಿನ ಬಸ್ಸಿನಲ್ಲಿ ಅಷ್ಟೆಲ್ಲ ಹೇಳಿದವರು ಅದೊಂದನ್ನು ಹೇಳಿರಲಿಲ್ಲ. ಅವ್ವನಿಗೆ ಫೋನ್ ಮಾಡಿದೆ. "ಹೈದರಾಬಾದ್ ಕಡೆ ಯಾವ್ದೋ ಹಳ್ಳಿ ಇರ್ಬೇಕವ್ವಾ, ಯಾರಿಗೊತ್ತು" ಎಂದಳು. ಕೇಳಬಹುದಾದವರು ಮತ್ತೆ ಯಾರೂ ನೆನಪಿಗೆ ಬರಲಿಲ್ಲ. ಹೊರಗೆ ಮಕ್ಕಳು ಮನೆಗೆ ಹೊರಟಿದ್ದರು.

"ಲಿಂಗಸುಗೂರು ಅಂತ ಬರಸ್ರಿ" ಎಂದೆ.

"ಅಲ್ಲೇ ಹುಟ್ಟಿದ್ರಾ?"

"ಇಲ್ರಿ" ಎಂದೆ. "ಆದ್ರ ನಮ್ಮ ಊರಿನವ್ರ."

ಆಕೆ ಹಾಗೆಯೇ ಬರೆದುಕೊಂಡಳು.