ವಕೀಲಬಾಯಿಯ ಫೋನಿಗೆ ಬಂದ ನನ್ನ ಫೋಟೋ

ನನಗಾಗ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಕೆಳಗಿನ ಮನೆಯ ವಕೀಲಬಾಯಿ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆಂದು ಅವಳ ಮುಖ ಕಾಣುವ ಮೊದಲೇ ಗೊತ್ತಾಯಿತು. ಅವಳ ದವಡೆಯಲ್ಲಿ ಯಾವಾಗಲೂ ಒಂದು ಪೆಪ್ಪರ್‌ಮಿಂಟ್ ಇರುತ್ತಿತ್ತು. ಹಲ್ಲಿಗೆ ತಾಗಿ ಕಟಕಟ ಅನ್ನುತ್ತಿತ್ತು. ತಲೆಗೆ ಕಪ್ಪು ಬಣ್ಣ ಹಚ್ಚುತ್ತಿದ್ದಳು, ಬೈತಲೆಯ ಎರಡೂ ಬದಿ ಮಾತ್ರ ಬೆಳ್ಳಗೇ ಉಳಿಯುತ್ತಿತ್ತು. ಕರಿ ಕೋಟಿನ ಮೊಣಕೈ ಸವೆದು ಮಿರಿಮಿರಿ ಹೊಳೆಯುತ್ತಿತ್ತು. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತಳೆಂದು ಈಗ ಅವಳನ್ನು ಒಳ್ಳೆಯವಳನ್ನಾಗಿ ಮಾಡಲಾರೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನಲ್ಲಿ. ನಾನು ವಿಜಾಪುರದ ಕಡೆಯವಳು. ಜೋಳದ ರೊಟ್ಟಿ ಬಡಿದು ಮನೆಮನೆಗೆ ಮಾರುತ್ತೇನೆ. ಗಂಡ ಹೋದ ಮೇಲೆ ನನ್ನ ಹೊಟ್ಟೆ ಹೊರೆದದ್ದು ಅದೇ. ಅವಳು ಉಡುಪಿ ಕಡೆಯವಳು, ಮದುವೆಯಾಗಿರಲಿಲ್ಲ, ಕಲ್ಯಾಣದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದಳು. ನಾನು ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ಸದ್ದು ನೇರ ಅವಳ ತಲೆಯ ಮೇಲೆ. ಒಂದು ಸಲ ಮೇಲೆ ಬಂದು ಹೇಳಿದ್ದರೆ ಹಲಗೆಯ ಕೆಳಗೆ ಗೋಣಿಚೀಲ ಹಾಕಿಕೊಳ್ಳುತ್ತಿದ್ದೆ. ಹೇಳಲಿಲ್ಲ. ಮನೆಯಲ್ಲಿ ದಂಧೆ ನಡೆಸುತ್ತಾಳೆ, ನಿಲ್ಲಿಸಿ ಎಂದು ಬಿಲ್ಡಿಂಗಿನ ಸೊಸೈಟಿಗೆ ಅರ್ಜಿ ಬರೆದಳು. ನಾನು ಗ್ಯಾಲರಿಯಿಂದ ಹಿಟ್ಟಿನ ನೀರು ಚೆಲ್ಲಿದೆ, ಒಣಗಲು ಹಾಕಿದ್ದ ಅವಳ ಕೋಟಿನ ಮೇಲೆ. ಬೇಕೆಂದೇ ಚೆಲ್ಲಿದೆ.

ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲರ ಮುಂದೆ, "ಇದು ಮನೆಯಾ, ಫ್ಯಾಕ್ಟರಿಯಾ? ಅದೂ ನಾಯಿ ಸಹ ಮೂಸದ ರೊಟ್ಟಿಗೆ ಇಷ್ಟು ಗಲಾಟೆ" ಎಂದಳು.

"ನಿಮಗ ಮಾಡ್ಕೊಂಡು ತಿನ್ನಾಕ ಬರೂದಿಲ್ಲ. ಮಾಡಾವರನ್ನ ಕಂಡ್ರ ಹೊಟ್ಟಿಕಿಚ್ಚು" ಎಂದೆ ನಾನು.

ಅಲ್ಲಿಗೆ ನಮ್ಮಿಬ್ಬರ ಮಾತುಕತೆ ನಿಂತಿತು. ಸೊಸೈಟಿಯವರೂ ಏನೂ ಮಾಡಲಿಲ್ಲ. ಅವರೆಲ್ಲ ನನ್ನ ರೊಟ್ಟಿ ತಿನ್ನುವವರೇ.

ನಮ್ಮಂಥವರಲ್ಲಿ ಒಂದು ರೂಢಿಯಿದೆ. ಓದಲು ಬಾರದವರು ಗ್ಯಾಸಿಗೆ, ರೇಷನ್ನಿಗೆ, ಆಸ್ಪತ್ರೆಗೆ ತಮ್ಮ ಫೋನ್ ನಂಬರ್ ಕೊಡುವುದಿಲ್ಲ, ಬಿಲ್ಡಿಂಗಿನಲ್ಲಿ ಓದು ಬಂದವರದ್ದು ಕೊಡುತ್ತಾರೆ. ಮೆಸೇಜ್ ಬಂದರೆ ಅವರು ಕೂಗಿ ಹೇಳುತ್ತಾರೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಅದೂ ಕನ್ನಡ ಮಾತ್ರ. ಜಗಳಕ್ಕೆ ಮೊದಲು ಎಲ್ಲ ಕಡೆ ವಕೀಲಬಾಯಿಯ ನಂಬರನ್ನೇ ಕೊಟ್ಟಿದ್ದೆ. ಜಗಳವಾದ ಮೇಲೆ ಗ್ಯಾಸಿನದು ಬದಲಿಸಿದೆ, ರೇಷನ್ನಿನದು ಬದಲಿಸಿದೆ. ಠಾಣೆ ಊರಿನ ಆಸ್ಪತ್ರೆಯದು ನೆನಪಿಗೆ ಬರಲಿಲ್ಲ.

ಆ ದಿನ ಅವಳು ಬಾಗಿಲಲ್ಲಿ ನಿಂತು, "ರೊಟ್ಟಿಯಮ್ಮ, ಒಳಗೆ ಬರ್ತೇನೆ. ಬಾಗಿಲು ಹಾಕು" ಎಂದಳು.

"ಯಾಕ? ಅಲ್ಲೇ ನಿಂತು ಹೇಳ್ರಿ."

"ಹೇಳ್ಬಹುದು. ಬಿಲ್ಡಿಂಗ್ ಇಡೀ ಕೇಳ್ತದೆ. ಆಗ್ಬಹುದಾ?"

ಬಾಗಿಲು ಹಾಕಿದೆ. ಅವಳು ಫೋನನ್ನು ನನ್ನ ಕೈಗೆ ಕೊಡಲಿಲ್ಲ, ಮುಖದ ಮುಂದೆ ಹಿಡಿದಳು. ಅದರಲ್ಲಿ ನಾನಿದ್ದೆ. ಆಸ್ಪತ್ರೆಯ ಮಂಚದ ಮೇಲೆ, ಎದೆಯ ಮೇಲೆ ಬಟ್ಟೆಯಿಲ್ಲ, ಎಡಗಡೆ ಮೊಲೆ ತೆಗೆದ ಜಾಗದಲ್ಲಿ ಹೊಲಿಗೆ. ಕೆಳಗೆ ನನ್ನ ಹೆಸರು, ವಯಸ್ಸು, ಆಸ್ಪತ್ರೆಯ ಫೈಲ್ ನಂಬರು. ಡಾಕ್ಟರು ತಮ್ಮ ಲೆಕ್ಕಕ್ಕೆಂದು ತೆಗೆದಿಟ್ಟುಕೊಂಡ ಫೋಟೋ. ಆಸ್ಪತ್ರೆಯ ಕಂಪ್ಯೂಟರಿಗೆ ಕನ್ನ ಹಾಕಿ ಯಾರೋ ಎಲ್ಲರ ಫೈಲೂ ಬಾಚಿಕೊಂಡಿದ್ದರು. ದುಡ್ಡು ಹಾಕು, ಇಲ್ಲದಿದ್ದರೆ ಹೆಸರು, ವಿಳಾಸ ಸಮೇತ ಇಂಟರ್‌ನೆಟ್ಟಿಗೆ ಬಿಡುತ್ತೇವೆ ಎಂದು ಕೆಳಗೆ ಹಿಂದಿಯಲ್ಲಿ ಬರೆದಿದ್ದರು.

ಪಿತ್ತಕೋಶದ ಕಲ್ಲು ತೆಗೆಸಿದೆ ಎಂದು ನಾನು ಊರಿಗೆಲ್ಲ ಹೇಳಿದ್ದೆ. ನಿಜ ಗೊತ್ತಿದ್ದದ್ದು ಘಣಸೋಲಿಯಲ್ಲಿರುವ ಮಗನಿಗೊಬ್ಬನಿಗೆ. ಕ್ಯಾನ್ಸರ್ ಆದವಳು ಬಡಿದ ರೊಟ್ಟಿಯನ್ನು ಯಾರು ತಿನ್ನುತ್ತಾರೆ? ಅದು ಅಂಟುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಡಾಕ್ಟರು ನನ್ನ ಗಿರಾಕಿಯಲ್ಲ.

"ಈಗ ಖುಷಿ ಆತೇನ್ರಿ ನಿಮಗ?" ಎಂದೆ.

"ಖುಷಿ ಆಗ್ಲಿಕ್ಕೆ ನಂಗೆ ಇವತ್ತು ಗೊತ್ತಾದದ್ದಾ? ಆಸ್ಪತ್ರೆ ಮೆಸೇಜ್ ಎಲ್ಲ ಬರ್ತಿದ್ದದ್ದು ಯಾರಿಗೆ? ಪಿತ್ತದ ಕಲ್ಲಿಗೆ ಯಾರು ಕಿಮೋ ಕೊಡ್ತಾರೆ ಮಾರಾಯ್ತಿ?"

ಆ ಮೆಸೇಜಿನಲ್ಲಿ ಬರೀ ತಾರೀಖು ಇರುತ್ತದೆಂದು ನಾನು ತಿಳಿದಿದ್ದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಮೀಟಿಂಗಿನಲ್ಲಿ ಒಂದು ಮಾತು ಆಡಿದ್ದರೆ ನನ್ನ ದಂಧೆ ಅಲ್ಲಿಗೇ ಮುಗಿಯುತ್ತಿತ್ತು. ಆಡಿರಲಿಲ್ಲ. ಅದನ್ನು ಒಳ್ಳೆಯತನವೆಂದು ನಾನು ಒಪ್ಪಲಿಲ್ಲ. ಜಗಳದಲ್ಲೂ ಕಾನೂನು ನೋಡಿ ಬಯ್ಯುವ ಹೆಂಗಸು ಅದು, ಅಷ್ಟೆ.

ಹೇಳದೆ ಕೇಳದೆ ನನ್ನ ಕುರ್ಚಿಯಲ್ಲಿ ಕೂತು ಶುರು ಮಾಡಿದಳು. ಅವರಿಗೆ ಒಂದು ಪೈಸೆ ಹಾಕಬಾರದು, ಉತ್ತರ ಕೊಡಬಾರದು, ಫೋನಿನಿಂದ ಏನನ್ನೂ ಅಳಿಸಬಾರದು. ಮೊದಲು ಪೊಲೀಸರ ಸೈಬರ್ ಶಾಖೆಗೆ ದೂರು. ಆಮೇಲೆ ಆಸ್ಪತ್ರೆಗೆ ನೋಟೀಸು: ನನ್ನದು ಏನೇನು ಹೊರಗೆ ಹೋಗಿದೆ, ಹೇಗೆ ಹೋಯಿತು, ಬರೆದು ಕೊಡಿ ಎಂದು.

"ದೆಹಲಿಯಲ್ಲಿ ಹೊಸ ಕಾನೂನು ಪಾಸ್ ಮಾಡಿ ಇಟ್ಟಿದ್ದಾರೆ, ಇನ್ನೂ ಜಾರಿಗೆ ಬಂದಿಲ್ಲ. ಬಂದ್ರೂ ಆಸ್ಪತ್ರೆ ಕಟ್ಟುವ ದಂಡ ಸರ್ಕಾರಕ್ಕೆ, ನಿಂಗೆ ಎಂತ ಸಹ ಇಲ್ಲ. ಹಳೇ ಕಂಪ್ಯೂಟರ್ ಕಾನೂನಲ್ಲಿ ಮುಂಬೈಯ ದೊಡ್ಡ ಅಧಿಕಾರಿ ಮುಂದೆ ಪರಿಹಾರ ಕೇಳ್ಬಹುದು. ನಾನಾದ್ರೆ ಠಾಣೆಯ ಗ್ರಾಹಕರ ಕೋರ್ಟಿಗೆ ಹೋಗ್ತೇನೆ. ದುಡ್ಡು ಕೊಟ್ಟು ಆಪರೇಷನ್ ಮಾಡಿಸ್ಕೊಂಡದ್ದಲ್ವಾ? ಹಾಗಾದ್ರೆ ನೀನು ಗಿರಾಕಿ. ಗಿರಾಕಿಯ ಫೈಲು ಕಾಯ್ಲಿಕ್ಕೆ ಆಗದಿದ್ದದ್ದು ಅವರ ಸೇವೆಯ ದೋಷ."

"ಹೆಸರಿಲ್ಲದ ಕೇಸ್ ಹಾಕ್ರಿ."

"ಹೆಸರಿಲ್ಲದವರಿಗೆ ನ್ಯಾಯ ಕೊಡ್ಲಿಕ್ಕೆ ಅದೆಂತ ಸಂತೆಯಾ? ನಿನ್ನ ಹೆಸರು, ನಿನ್ನ ಕಾಯಿಲೆ, ನಿನ್ನ ಸಹಿ. ಮೂರೂ ಬೇಕು."

ಮಗನಿಗೆ ಫೋನ್ ಮಾಡಿದರೆ, "ಅವ್ವಾ, ಛೋಡ್ ನಾ. ನಾವ್ ಸುಮ್ನಿದ್ರ ಅವರೂ ಸುಮ್ನಾಗ್ತಾರ" ಎಂದ. ಅವನ ಆ ಮಾತಿಗೇ ಸಿಟ್ಟು ಬಂದು ಸಹಿ ಹಾಕಿದೆ. ವಕೀಲಬಾಯಿಯ ಮೇಲಿನ ನಂಬಿಕೆಯಿಂದಲ್ಲ.

ಪೊಲೀಸರು ದೂರು ಬರೆದುಕೊಂಡರು, ಕಳ್ಳರು ಸಿಗಲಿಲ್ಲ. ಆಸ್ಪತ್ರೆಯವರು ಮೊದಲು, ನಮ್ಮಿಂದ ಏನೂ ಹೋಗಿಲ್ಲ ಎಂದರು. ಫೋಟೋದ ಕೆಳಗಿದ್ದ ಫೈಲ್ ನಂಬರು ತೋರಿಸಿದ ಮೇಲೆ, ಹೋಗಿರಬಹುದು ಎಂದರು. ಆಮೇಲೆ ಅವರ ಕಡೆಯವನೊಬ್ಬ ಫೋನ್ ಮಾಡಿ, "ಮೇಡಂ, ಕೂತು ಮಾತಾಡೋಣ" ಎಂದು ಹಿಂದಿಯಲ್ಲಿ ಬೆಣ್ಣೆ ಹಚ್ಚಿದ. ಇವಳು, "ಬರೆದು ಕಳಿಸಿ" ಎಂದು ಫೋನ್ ಇಟ್ಟಳು. ಅವಳಿಗೆ ಅದೊಂದೇ ಮಾತು. ಬರೆದು ಕೊಡಿ. ಕಾಯಿಪಲ್ಲೆಯವನಿಗೂ ಅದನ್ನೇ ಅನ್ನುತ್ತಿದ್ದಳೋ ಏನೋ.

ಗ್ರಾಹಕರ ಕೋರ್ಟಿನಲ್ಲಿ ಕೇಸು ಹಾಕಿದಳು. ತಾರೀಖು ಇದ್ದ ದಿನ ಒಂದೇ ಲೋಕಲ್ ರೈಲಿನಲ್ಲಿ ಠಾಣೆಗೆ ಹೋಗುತ್ತಿದ್ದೆವು, ಬೇರೆ ಬೇರೆ ಸೀಟಿನಲ್ಲಿ ಕೂತು. ಅವಳು ಒಳಗೆ ಹೋದರೆ ನಾನು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಫೀಸು ಮುಟ್ಟಲಿಲ್ಲ. ರೊಟ್ಟಿ ಕಟ್ಟಿಕೊಟ್ಟರೆ, "ನಂಗೆ ಬೇಡ, ಹಲ್ಲು ಹೋಗ್ತದೆ" ಎನ್ನುತ್ತಿದ್ದಳು. ಸೊಸೈಟಿಗೆ ಕೊಟ್ಟ ಅರ್ಜಿಯನ್ನೂ ವಾಪಸು ತೆಗೆದುಕೊಳ್ಳಲಿಲ್ಲ. ಕೇಳಿದ್ದಕ್ಕೆ, "ಅದು ಬೇರೆ ಕೇಸು" ಎಂದಳು.

ಕಳ್ಳರು ಫೋಟೋ ಇಂಟರ್‌ನೆಟ್ಟಿಗೆ ಬಿಟ್ಟರೋ ಇಲ್ಲವೋ ಇವತ್ತಿಗೂ ತಿಳಿಯದು. ಅದೇ ದೊಡ್ಡ ಕಾಟ. ಹಳೆಯ ಗಿರಾಕಿಯೊಬ್ಬಳು ಶುಗರ್ ಎಂದು ರೊಟ್ಟಿ ಬಿಟ್ಟಳು. ನಾನು ನಂಬಲಿಲ್ಲ. ಯಾರಾದರೂ ಫೋನು ನೋಡಿ ನಕ್ಕರೆ ನನ್ನನ್ನೇ ನೋಡಿ ನಕ್ಕಂತೆ ಅನಿಸುತ್ತಿತ್ತು.

ಕೊನೆಗೆ ಆಸ್ಪತ್ರೆಯ ವಕೀಲ ಒಂದು ಮಾತು ಹಿಡಿದುಕೊಂಡ. ಈ ಅಜ್ಜಿಯ ಕಾಯಿಲೆ ಯಾರಿಗೂ ಗೊತ್ತಾಗಿಲ್ಲ. ಗೊತ್ತಾಗಿಲ್ಲವೆಂದ ಮೇಲೆ ಹಾನಿ ಎಲ್ಲಿ ಆಯಿತು? ವಕೀಲಬಾಯಿ ಹೊರಗೆ ಬಂದಾಗ ಮುಖ ಕೆಂಪಾಗಿತ್ತು.

"ಮುಂದಿನ ತಾರೀಖಿಗೆ ನೀನೇ ಒಳಗೆ ಬಂದು ಹೇಳು. ಎಷ್ಟು ಹೆದ್ರಿಕೊಂಡು ಬದುಕ್ತಿದ್ದೀ ಅಂತ."

"ನಾ ಹೇಳೂದಿಲ್ಲ. ಅಷ್ಟು ಮಂದಿ ಮುಂದ ನನ್ನ ಎದಿ ವಿಷಯ ಮಾತಾಡಬೇಕೇನು?"

"ನೀನು ಬಾಯಿ ಮುಚ್ಚಿ ಕೂತಷ್ಟೂ ಅವನು ಗೆಲ್ತಾನೆ."

"ಗೆದ್ರ ಗೆಲ್ಲಲಿ ಬಿಡ್ರಿ. ನಿಮಗ ನಿಮ್ಮ ಕೇಸಿಂದೇ ಚಿಂತಿ."

"ಹೌದು" ಎಂದಳು. "ನಂಗೆ ನನ್ನ ಕೇಸಿಂದೇ ಚಿಂತೆ. ನಿಂಗೆ ನಿಂದು ಇಲ್ಲದಿದ್ರೆ ನಾನೆಂತ ಮಾಡ್ಲಿ?"

ಅದೇ ನಮ್ಮ ಕೊನೆಯ ಮಾತು. ತಾರೀಖಿನ ಹಿಂದಿನ ದಿನ ಮಧ್ಯಾಹ್ನ ಕೋರ್ಟಿನಿಂದ ಬಂದು ಮಲಗಿದವಳು ಏಳಲಿಲ್ಲ. ಮುಲುಂಡಿನಿಂದ ಅಣ್ಣ ಬಂದ. ಸಂಜೆಗೆ ಹೆಣ ಇಳಿಸುವಾಗ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಬಾಯಲ್ಲಿ ಪೆಪ್ಪರ್‌ಮಿಂಟ್ ಇಲ್ಲದ ಅವಳ ಮುಖ ಯಾರದೋ ಅನಿಸಿತು. ಅಳು ಬರಲಿಲ್ಲ. ಸಿಟ್ಟು ಬಂತು, ಕೇಸು ನಡುವೆ ಬಿಟ್ಟು ಹೋದಳೆಂದು.

ಮರುದಿನ ಬೆಳಿಗ್ಗೆ ಒಬ್ಬಳೇ ಠಾಣೆಗೆ ಹೋದೆ. ಈ ಸಲ ಹೊರಗೆ ಕೂರಲಿಲ್ಲ. ಹಿಂದಿನ ಸಾಲಿನಲ್ಲಿ ನಮ್ಮ ರಸ್ತೆಯ ಕೊನೆಯ ಬಿಲ್ಡಿಂಗಿನವನೊಬ್ಬ, ದಿನಾ ನನ್ನ ರೊಟ್ಟಿ ತಿನ್ನುವವನು, ಬಿಲ್ಡರನ ಮೇಲಿನ ತನ್ನ ಕೇಸಿಗೆ ಬಂದು ಕೂತಿದ್ದ. ನನ್ನನ್ನು ನೋಡಿ, "ನೀವೇನ್ರೀ ಇಲ್ಲಿ?" ಎಂದ. ಅಷ್ಟರಲ್ಲಿ ನಮ್ಮ ಕೇಸು ಕೂಗಿದರು. ಅರ್ಜಿದಾರರ ವಕೀಲರು ತೀರಿಕೊಂಡಿದ್ದಾರಂತೆ, ಬೇರೆ ತಾರೀಖು ಕೊಡಿ ಎಂದು ಆಸ್ಪತ್ರೆಯ ವಕೀಲ ಎದ್ದ. ನಾನೂ ಎದ್ದೆ. ತಾರೀಖು ಬೇಡ, ನಾನೇ ಹೇಳುತ್ತೇನೆ, ನಡೆಯುತ್ತದೋ ಎಂದು ನನಗೆ ಬರುವ ಮರಾಠಿಯಲ್ಲಿ ಕೇಳಿದೆ. ನಡೆಯುತ್ತದೆ ಎಂದರು ಮೇಲೆ ಜಡ್ಜಿನ ಕುರ್ಚಿಯಲ್ಲಿ ಕೂತ ಹೆಂಗಸು.

ನನ್ನ ಎಡ ಮೊಲೆಗೆ ಕ್ಯಾನ್ಸರ್ ಆಗಿತ್ತು, ಇವರ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು, ಎಂದು ಶುರು ಮಾಡಿದೆ.

"ಆಜಿ, ಹಿಂದಿನವರಿಗೆ ಕೇಳಿಸುವುದು ಬೇಡ ಅಂದರೆ ಹತ್ತಿರ ಬಂದು ಹೇಳಿ" ಎಂದರು ಆಕೆ.

ಬೇಡ ಎಂದೆ. ನಿಂತಲ್ಲೇ ನಿಂತು, ಮೊದಲಿನಿಂದ, ಇನ್ನೂ ಜೋರಾಗಿ ಹೇಳಿದೆ.