ಸರಪಳಿಯ ಹಿಂದಿನ ತುದಿ

ಸ್ವಲ್ಪ ತಾಳಿ, ನಾನು ಮಾಡಿದ ಸಣ್ಣತನಕ್ಕೆ ಬಂದೇ ಬರುತ್ತೇನೆ. ಅದಕ್ಕೆ ಮೊದಲು ನನಗೆ ಎಷ್ಟು ಹೊಟ್ಟೆ ಉರಿಯುತ್ತಿತ್ತು ಅನ್ನುವುದು ನಿಮಗೆ ಗೊತ್ತಾಗಬೇಕು.

ಐವತ್ತರ ದಶಕದ ಕೊನೆ. ಅರಕಲಗೂಡು ತಾಲ್ಲೂಕಿನಲ್ಲಿ ಜಮೀನು ಅಳೆಯುವ ತಂಡಕ್ಕೆ ನಾವಿಬ್ಬರು ಹುಡುಗರು ಹಂಗಾಮಿಯಾಗಿ ಸೇರಿದ್ದೆವು. ನಾನು ಹೊಳೆನರಸೀಪುರದವನು, ಅವನು ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಯವನು. ನಾನು ಹಾಸನದ ಸಂತೆಯಲ್ಲಿ ಸಿಕ್ಕ ಹರಕು ಪುಸ್ತಕವೊಂದನ್ನು ಓದಿ, ಹಗ್ಗಕ್ಕೆ ಗಂಟು ಹಾಕಿ, ನಮ್ಮ ಹಿತ್ತಲು, ಪಕ್ಕದ ಮನೆ ಹಿತ್ತಲು ಎಲ್ಲ ಅಳೆದು ನಕ್ಷೆ ಬರೆದವನು. ಅವನು ಅಂಥದ್ದೇನೂ ಓದಿರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ, ಚೆನ್ನಾಗಿ ನಗುತ್ತಿದ್ದ, ಅಷ್ಟೆ.

ನಮ್ಮ ಹಿರಿಯ ಸರ್ವೇಯರನ್ನು ‘ಸಾ’ ಅಂತಲೇ ಕರೆಯುತ್ತಿದ್ದೆವು. ಅಳತೆ ಮುಗಿದ ಮೇಲೆ ನಿಮ್ಮಲ್ಲೊಬ್ಬನನ್ನು ಹಾಸನದ ಕಚೇರಿಗೆ ಕರೆದೊಯ್ದು, ಪಕ್ಕದಲ್ಲಿ ಕೂರಿಸಿಕೊಂಡು ನಕ್ಷೆ ಬರೆಯುವುದನ್ನು ಕಲಿಸುತ್ತೇನೆ ಅಂದಿದ್ದರು. ಆ ಒಬ್ಬ ನಾನೇ ಆಗಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ ನನಗೆ.

ಅಳತೆಗೆ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಮುಂದಿನ ತುದಿ ಅವನ ಕೈಯಲ್ಲಿ, ಹಿಂದಿನ ತುದಿ ನನ್ನ ಕೈಯಲ್ಲಿ. ಸಾ ಯಾವಾಗಲೂ ಅವನ ಜೊತೆ ನಡೆಯುತ್ತಿದ್ದರು. ಬದು ತೋರಿಸಿ ಏನೋ ಹೇಳುವರು, ಗಡಿಕಲ್ಲು ತಟ್ಟಿ ಏನೋ ಹೇಳುವರು. ಮೂವತ್ತಮೂರು ಅಡಿ ಹಿಂದೆ ನಿಂತ ನನಗೆ ಮಾತು ಕೇಳಿಸುತ್ತಿರಲಿಲ್ಲ, ಇಬ್ಬರ ನಗು ಮಾತ್ರ ಕೇಳಿಸುತ್ತಿತ್ತು.

ಒಂದು ದಿನ ಮಲ್ಲಿಪಟ್ಟಣದ ಹತ್ತಿರ ಕೆಸರುಗದ್ದೆ ದಾಟಿದೆವು. ಕೆಸರು ದಾಟಿದ ಮೇಲೆ ಸರಪಳಿ ತೊಳೆದು ಒದರಬೇಕು, ಇಲ್ಲದಿದ್ದರೆ ಕೊಂಡಿ ಮಡಚಿ ಕೂತು ಸರಪಳಿ ಗಿಡ್ಡವಾಗುತ್ತದೆ. ಅದು ಮುಂದಿನವನ ಕೆಲಸ. ಸಾ ಹೇಳುತ್ತಿದ್ದ ಕತೆಯಲ್ಲಿ ಮುಳುಗಿದ್ದವನು ಮರೆತ. ಮಣ್ಣು ಮೆತ್ತಿ ಒಂದು ಕೊಂಡಿ ಮಡಚಿಕೊಂಡಿದ್ದು ನನಗೆ ಕಂಡಿತು. ಚೆನ್ನಾಗಿಯೇ ಕಂಡಿತು. ಸಿಕ್ಕಿಬೀಳಲಿ ಅಂದುಕೊಂಡು ಬಾಯಿ ಮುಚ್ಚಿಕೊಂಡು ಸಂಜೆಯವರೆಗೂ ಅಳೆದೆ.

ನಾವು ಉಳಿದುಕೊಂಡಿದ್ದ ಶಾಲೆಯ ಅಂಗಳದಲ್ಲಿ ಸಾ ಸರಿಯಾಗಿ ಮೂವತ್ತಮೂರು ಅಡಿಗೆ ಎರಡು ಗೂಟ ನೆಡಿಸಿದ್ದರು. ದಿನಾ ಬೆಳಿಗ್ಗೆ ಸರಪಳಿಯನ್ನು ಅವುಗಳ ನಡುವೆ ಎಳೆದು ನೋಡುವುದು ಅವರ ಪದ್ಧತಿ. ಮಾರನೆಯ ಬೆಳಿಗ್ಗೆ ನಾಲ್ಕು ಬೆರಳು ಕಮ್ಮಿ ಬಂತು.

“ನಂದೇ ತಪ್ಪು ಸಾ, ತೊಳೀನಿಲ್ಲ,” ಅಂದ ಅವನು, ತಲೆ ತಗ್ಗಿಸಿ.

ಸಾ ನನ್ನ ಕಡೆ ತಿರುಗಿದರು. “ಮುಂದಿರೋನು ಮರೀತಾನೆ ಅಂತ್ಲೇ ಕಣಪ್ಪ ಇಂದ್ಗಡೆ ಕಣ್ಣು ಚುರುಕಾಗಿರೋನ್ನ ಮಡಗೋದು. ನಂಬಿಕೆ ಇರೋನ್ಗೇ ಆ ತುದಿ ಕೊಡೋದು ನಾನು. ನಿಂಗೂ ಕಾಣ್ನಿಲ್ವಾ?”

“ಕಾಣ್ನಿಲ್ಲ ಸಾ,” ಅಂದುಬಿಟ್ಟೆ.

ಅವರು ನಂಬಿದರು! ನನ್ನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದರು. “ಈ ವಯಸ್ಸಿಗೇ ಇಂಗಾದ್ರೆ ಎಂಗ್ಲಾ? ಆಸ್ನದಲ್ಲಿ ಕಣ್ಣಿನ ಡಾಕ್ಟ್ರಿಗೆ ತೋರುಸ್ಕೊ.”

ಸರಪಳಿ ಗಿಡ್ಡವಾದರೆ ಲೆಕ್ಕದಲ್ಲಿ ಹೊಲ ಹಿಗ್ಗುತ್ತದೆ. ನಿನ್ನೆಯದನ್ನೆಲ್ಲ ಮತ್ತೆ ಅಳೆಯಲು ಹೋದಾಗ ಹೊಲದ ಯಜಮಾನರು ಗೋಳಾಡಿದರು. “ನೆನ್ನೆ ನನ್ನೊಲ ಬೆಳ್ದದೆ ಅಂತ ಎಂಡ್ರಿಗೂ ಏಳ್ಬುಟ್ಟೆ ಸ್ವಾಮಿ! ಈಗ ಎಂಗೆ ಮಕ ತೋರ್ಸನ?” ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅಳತೆ ಮುಗಿಯಿತು. ಸಾ ಅವನನ್ನು ಕರೆದುಕೊಂಡು ಹೋದರು. ಹೋಗುವಾಗ ನನ್ನ ಬೆನ್ನು ಸವರಿ, “ನಿನ್ನೇ ಕರ್ಕಂಡೋಗನ ಅಂತಿದ್ದೆ ಕಣೋ. ನಕ್ಷೆ ಕೆಲ್ಸ, ಕಣ್ಣು ಬೇಕು,” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡು ತಿಂಗಳಾದ ಮೇಲೆ ಅವನು ಹೊಳೆನರಸೀಪುರಕ್ಕೆ ಬಂದ. ಕೈಯಲ್ಲಿ ಸಾ ತಿದ್ದಿಕೊಟ್ಟಿದ್ದ ನಕ್ಷೆ. ಅದರ ಮೇಲಿನ ಕೆಂಪು ಗೆರೆ ನೋಡಿ ನನಗೆ ಮತ್ತೆ ಉರಿ ಹತ್ತಿತು. ಆ ಉರಿಯಲ್ಲೇ ಎಲ್ಲ ಹೇಳಿಬಿಟ್ಟೆ.

“ಥೂ ನಿನ್ನ! ನಾನು ಬೈಸ್ಕಳ್ಳಿ ಅಂತ ಸುಮ್ಕಿದ್ದಾ? ಒಂದ್ ಮಾತು ಏಳಿದ್ರೆ ಕೊಂಡಿ ಬುಡ್ಸಕಾಯ್ತಿರ್ನಿಲ್ವೇನ್ಲಾ?” ಅಂದವನೇ ನಕ್ಷೆ ಮಡಚಿಕೊಂಡು ಎದ್ದು ಹೋದ.

ಮೂರು ವಾರ ಸುದ್ದಿಯಿಲ್ಲ. ಒಂದು ಭಾನುವಾರ ಬಾಗಿಲಲ್ಲಿ ನಿಂತಿದ್ದ. “ನಿನ್ ಮಕ ನೋಡ್ಬಾರ್ದು ಅಂದ್ಕಂಡಿದ್ದೆ ಕಣ್ಲಾ. ಸಾ ಏಳಿದ್ ಲೆಕ್ಕ ಒಂದು ತಲೆಗೋಗ್ನಿಲ್ಲ. ಪುಸ್ತಕ ಓದಿರೋನು ನೀನೇ ತಾನೆ? ನಡಿ, ಬಸ್ಸದೆ. ಸಾಗೂ ನೀನೇ ಏಳು, ನಾನೇಳಕಿಲ್ಲ.”

ಹಾಸನಕ್ಕೆ ಹೋಗಿ ಹೇಳಿದೆ. ಸಾ ಕನ್ನಡಕ ತೆಗೆದು ಒರೆಸಿಕೊಂಡರು. “ಕೆಲ್ಸಕ್ಕೆ ತಕ್ಕಳಕೆ ಈಗ ಜಾಗ ಇಲ್ಲ ಕಣಪ್ಪ. ಭಾನ್ವಾರ ಬಂದ್ರೆ ಬ್ಯಾಡ ಅನ್ನಕಿಲ್ಲ,” ಅಂದರು. ಅವರ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಅದು ಬರಲು ಒಂದು ವರ್ಷ ಹಿಡಿಯಿತು.

ಅದೆಲ್ಲ ಕಳೆದು ನಾಲ್ಕೈದು ವರ್ಷವಾಯಿತು, ಈಗಲೂ ಭಾನುವಾರ ಹೋಗುತ್ತೇನೆ. ಅವನು ಸಾ ಪಕ್ಕದಲ್ಲಿ ಕೂತಿರುತ್ತಾನೆ, ನಾನು ಮೇಜಿನ ಆಚೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಬಾಯಿಬಿಟ್ಟು ಹೇಳುತ್ತೇನೆ. ಅವನು “ಬತ್ತಾ ಬತ್ತಾ ಜಾಸ್ತಿಯಾಯ್ತಾ ಅದೆ ನಿಂದು,” ಅಂತ ಬೈದುಕೊಂಡೇ ಸರಿದು ಜಾಗ ಮಾಡುತ್ತಾನೆ.

ಜೊತೆಗೆ ದುಡಿಯುವವರನ್ನು ಕಂಡು ನಿಮಗೂ ಹೀಗೆ ಆಗಿದೆಯೇ? ಹೇಳಿಕೊಂಡಿರೋ, ನುಂಗಿಕೊಂಡಿರೋ? ಒಂದು ಕಾರ್ಡು ಬರೆದು ಹಾಕಿ. ನನ್ನೊಬ್ಬನದೇ ಈ ರೋಗ ಅಲ್ಲ ಅಂತ ಗೊತ್ತಾದರೆ ಸಮಾಧಾನ.