ಮಾಳಮಡ್ಡಿಯ ತಾಳ, ಮುಗದದ ಹಾಡು

ಅಪ್ಪನಿಗೆ ಆನ್‌ಲೈನ್ ಪಾಠದ ಹುಚ್ಚು ಹಿಡಿಸಿದವಳು ನಾನೇ. ಹೀಗಾಗಿ ಆಮೇಲೆ ಆದದ್ದರಲ್ಲಿ ಅರ್ಧ ತಪ್ಪು ನನ್ನದು. ಇನ್ನರ್ಧ ಅಪ್ಪನದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅಪ್ಪ ನಲವತ್ತು ವರ್ಷ ಗಾಯನ ಕಲಿಸಿದ್ದಾರೆ. ಶಿಷ್ಯರು ಒಬ್ಬೊಬ್ಬರೇ ಕಡಿಮೆಯಾಗಿ, ಕೊನೆಗೆ ಉಳಿದವರು ಮುಗದ ಎಂಬ ಹಳ್ಳಿಯ ಒಬ್ಬ ಅಕ್ಕೋರು. ಅಲ್ಲಿಯ ಕನ್ನಡ ಸಾಲೆಯಲ್ಲಿ ಟೀಚರ್, ಹೆಚ್ಚುಕಡಿಮೆ ನನ್ನದೇ ವಯಸ್ಸು. ಪ್ರತಿ ರವಿವಾರ ಬಸ್ಸು ಹಿಡಿದು ಬರುತ್ತಿದ್ದರು. ಹೋದ ವರ್ಷ ಅವರ ಅತ್ತೆ ಹಾಸಿಗೆ ಹಿಡಿದರು, ಬರುವುದು ನಿಂತಿತು. “ಇನ್ನ ನಂದು ಹಾಡು ಮುಗೀತ್ರಿ” ಎಂದು ಅವರು ಫೋನಿನಲ್ಲಿ ಹೇಳಿದ ದಿನ ಅಪ್ಪ ಅರ್ಧ ಊಟಕ್ಕೇ ಎದ್ದರು. ಮರುವಾರ ನಾನು ದೊಡ್ಡ ಟ್ಯಾಬ್ ತಂದೆ, ಹೊಸ ಇಂಟರ್ನೆಟ್ ಹಾಕಿಸಿದೆ.

ಅಪ್ಪ ಟೋಪಿ ಹಾಕಿಕೊಂಡು, ಟ್ಯಾಬಿಗೆ ಕೈ ಮುಗಿದು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಮೊದಲ ದಿನ ಅಕ್ಕೋರಿಗೆ ತಂಬೂರಿ ಕೇಳಿಸಲೇ ಇಲ್ಲ. ಯಂತ್ರ ಅದನ್ನು ಫ್ಯಾನಿನ ಸಪ್ಪಳವೆಂದು ತಿಳಿದು ಅಳಿಸಿಹಾಕುತ್ತಿತ್ತು. ಅಪ್ಪನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ನಾನು ಎಲ್ಲೆಲ್ಲೋ ತಡಕಾಡಿ ಆ ಸೆಟ್ಟಿಂಗ್ ಹುಡುಕಿ ತೆಗೆದೆ. ಅಂದಿನಿಂದ ಈ ವಿದ್ಯೆಯಲ್ಲಿ ನನಗಿಂತ ಜಾಣರಿಲ್ಲ ಎನ್ನುವ ಭಾವನೆ ನನಗೂ ಬಂದಿತ್ತು.

ಹಾಡು ಕೇಳಿಸಿತು, ಆದರೆ ತಾಳ ಕೂಡಲಿಲ್ಲ. ಅಪ್ಪ ಇಲ್ಲಿ ಕೈಯಲ್ಲಿ ತಾಳ ಹಾಕುವರು, ಅಕ್ಕೋರು ಅಲ್ಲಿ ಹಾಡುವರು. ತಾಳದ ಸುತ್ತು ಮುಗಿದು ಮತ್ತೆ ಶುರುವಾಗುವ ಮೊದಲ ಪೆಟ್ಟಿಗೆ ಸಮ್ ಎನ್ನುತ್ತಾರೆ. ಹಾಡುವವರು ಅಲ್ಲಿಗೆ ಸರಿಯಾಗಿ ಬಂದು ಇಳಿಯಬೇಕು. ಅಕ್ಕೋರು ಪ್ರತಿ ಸಲ ತಡವಾಗಿ ಇಳಿಯುತ್ತಿದ್ದರು. ಅಪ್ಪನ ಸಿಟ್ಟು ನೆತ್ತಿಗೇರುತ್ತಿತ್ತು. “ಆರು ವರ್ಷ ಕಲತದ್ದು ಎಲ್ಲಿ ಹೋತ್ರಿ ಅಕ್ಕೋರ?” ಎಂದು ಗದರುವರು. ಅವರು ತಲೆ ತಗ್ಗಿಸಿ ಮತ್ತೆ ಹಾಡುವರು.

ಒಂದು ಸಂಜೆ ಅಕ್ಕೋರು ನನಗೆ ಫೋನ್ ಮಾಡಿದರು. “ಗುರುಗಳ ತಾಳ ನನಗ ತಡಾ ಮುಟ್ಟಾಕತ್ತೈತೇನೋ ಅನಸ್ತೈತ್ರಿ.”

“ನಮ್ಮ ಮನ್ಯಾಗ ನೆಟ್ ಭಾಳ ಛಲೋ ಅದರಿ,” ಎಂದೆ ನಾನು. “ನೀವು ಸ್ವಲ್ಪ ಲಕ್ಷ್ಯ ಕೊಟ್ಟು ಹಾಡ್ರಿ.”

“ಹೂಂನ್ರಿ,” ಎಂದು ಫೋನ್ ಇಟ್ಟರು. ನಾನಾಡಿದ ಆ ಮಾತು ನೆನಪಾದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅದಾಗಿ ಕೆಲವು ವಾರಗಳಲ್ಲಿ ಎಲ್ಲವೂ ಸರಿಹೋಯಿತು. ಅಕ್ಕೋರು ಸಮ್‌ಗೆ ತಪ್ಪದೆ ಬಂದು ಇಳಿಯತೊಡಗಿದರು. “ಬೈದದ್ದಕ್ಕ ಸರಿ ಆತು ನೋಡು,” ಎಂದು ಅಪ್ಪ ಬೀಗಿದರು. ಪ್ರತಿ ವರ್ಷ ತಮ್ಮ ಗುರುಗಳ ಪುಣ್ಯತಿಥಿಗೆ ಅವರು ಮನೆಯಲ್ಲಿ ಸಣ್ಣದೊಂದು ಸಂಗೀತದ ಬೈಠಕ್ ಇಡುತ್ತಾರೆ. ಅವತ್ತು ಶಿಷ್ಯರೊಬ್ಬರು ಹಾಡಬೇಕು, ಅದು ಮುರಿಯದ ಪದ್ಧತಿ. ಈ ವರ್ಷ ಹಾಡಲು ಅಕ್ಕೋರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವರಿಂದ ಆಗದಿದ್ದರೆ ಬೈಠಕ್ ನಿಲ್ಲಿಸುವುದೇ ಎಂದು ಅಪ್ಪ ನಿಶ್ಚಯಿಸಿದ್ದರು. ಅದಕ್ಕೂ ಮೊದಲು ಒಮ್ಮೆ ಎದುರಿಗೆ ಕೂತು ಕೇಳಬೇಕೆಂದರು.

ಒಂದು ರವಿವಾರ ಬೆಳಿಗ್ಗೆ ಕಾರಿನಲ್ಲಿ ಮುಗದಕ್ಕೆ ಹೊರಟೆವು. ಅಪ್ಪ ಮನೆಬಿಟ್ಟು ಹೊರಬಿದ್ದು ತಿಂಗಳುಗಳಾಗಿದ್ದವು. ದಾರಿಯುದ್ದಕ್ಕೂ ಕಿಟಕಿಯ ಕಾಜು ಇಳಿಸಿ, ಗದ್ದೆ ಬಂದಾಗೆಲ್ಲ “ಸಾವಕಾಶ ಹೊಡಿ” ಎನ್ನುತ್ತಿದ್ದರು. ಅವರ ಮನೆ ಮುಟ್ಟಿದಾಗ ಅಕ್ಕೋರು ಹಚ್ಚಿದ ಅವಲಕ್ಕಿ ಕೊಟ್ಟರು, ಒಳಕೋಣೆಯಲ್ಲಿದ್ದ ಅತ್ತೆಗೆ ನೀರು ಕುಡಿಸಿ ಬಂದು ಚಾಪೆಯ ಮೇಲೆ ಕೂತರು.

ಅಪ್ಪ ತಾಳ ಹಾಕಿದರು. ಅಕ್ಕೋರು ಹಾಡಿದರು, ಸಮ್ ಬರುವ ಮೊದಲೇ ಇಳಿದುಬಿಟ್ಟರು. ಮತ್ತೊಮ್ಮೆ ಹಾಡಿದರು, ಆಗಲೂ ಹಾಗೇ. ಮೂರನೆಯ ಸಲಕ್ಕೆ ಅಪ್ಪ ಕೈ ನಿಲ್ಲಿಸಿದರು. ಬೈಠಕ್ಕಿನ ಕತೆ ಮುಗಿಯಿತೆಂದು ನಾನು ಅವಲಕ್ಕಿ ತಾಟು ಕೆಳಗಿಟ್ಟೆ.

“ತಪ್ಪು ತಿಳಕೋಬ್ಯಾಡ್ರಿ ಗುರುಗಳ,” ಎಂದರು ಅಕ್ಕೋರು, ಚಾಪೆಯ ಎಳೆ ಕೀಳುತ್ತ. “ಟ್ಯಾಬಿನ್ಯಾಗ ನಿಮ್ಮ ತಾಳ ಇಲ್ಲಿಗೆ ತಡಾ ಬರ್ತೈತ್ರಿ. ನನ್ನ ದನಿ ಅಲ್ಲಿಗೆ ಮತ್ತ ತಡಾ ಹೋಗ್ತೈತಿ. ನಿಮ್ಮ ಕಡೆ ಸಮ್‌ಗೆ ಸರಿ ಮುಟ್ಟಲಿ ಅಂತ ನಾ ಮೊದಲ ಹಾಡಿ ರೂಢಿ ಮಾಡ್ಕೊಂಡೇನ್ರಿ. ಈಗ ಆ ರೂಢಿ ಬಿಡವಲ್ದು.”

“ಹೇಳಬಾರದೇನ್ರಿ?” ಎಂದರು ಅಪ್ಪ.

ಅಕ್ಕೋರು ನನ್ನ ಕಡೆ ನೋಡಲೇ ಇಲ್ಲ. ಅದು ಅವರ ದೊಡ್ಡತನ. “ನಿಮ್ಮ ತಾಳ ತಪ್ಪಾಕತ್ತೈತಿ ಅಂತ ಯಾ ಬಾಯಿಲೆ ಹೇಳ್ಲಿರಿ?”

ನಾನೇ ಬಾಯಿಬಿಟ್ಟೆ. “ಅಪ್ಪಾ, ಅವರು ನನ್ನ ಮುಂದ ಹೇಳಿದ್ರು. ನಾನ ಕಿವಿಗೆ ಹಾಕ್ಕೋಲಿಲ್ಲ.”

ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು: “ಬೈಠಕ್ಕಿಗೆ ನೀವ ಹಾಡಬೇಕ್ರಿ. ರೂಢಿ ಬಿಡಸೋಣ, ಅದೇನು ದೊಡ್ಡ ಮಾತಲ್ಲ. ಇವತ್ತ ಮಾತ್ರ ತಾಳ ನೀವು ಹಾಕ್ರಿ. ನಾ ಹಾಡ್ತೀನಿ.”

ಅಕ್ಕೋರು ಅಂಜುತ್ತಲೇ ಕೈ ಎತ್ತಿದರು. ಅಪ್ಪ ಕಣ್ಣನ್ನು ಆ ಕೈಯ ಮೇಲೇ ನೆಟ್ಟು ಹಾಡಿದರು. ಎರಡನೆಯ ಸುತ್ತಿಗೆ ಅವರ ಉಸಿರು ಸಾಲದೆ ಸಮ್‌ಗೆ ತಡವಾಯಿತು. ಅಕ್ಕೋರ ಕೈ ಗಾಳಿಯಲ್ಲಿ ನಿಂತು ಅವರಿಗಾಗಿ ಕಾಯಿತು.

ಅಕ್ಕೋರು ತಮಗಾಗಿ ಹೊಂದಿಸಿಕೊಳ್ಳುವುದು ಈ ಸಲ ಅಪ್ಪನ ಕಣ್ಣಿಗೆ ಬಿತ್ತು. ಹಾಡು ನಿಲ್ಲಿಸಿ, “ಕಾಯಬ್ಯಾಡ್ರಿ ಅಕ್ಕೋರ,” ಎಂದರು. “ಬೈರಿ.”